ಅದುರುವ ಸ್ಟೀರಿಂಗ್‌ನ ಜಾಡು ಹಿಡಿದು

ಸಕಲೇಶಪುರದ ತೋಟಗಳ ಕೆಸರು ದಾರಿಯಲ್ಲಿ ಎರಡು ದಿನ ಓಡಾಡಿದರೂ ಕಮಕ್ ಕಿಮಕ್ ಎನ್ನದ ಜಿಪ್ಸಿ, ಬೆಂಗಳೂರಿಗೆ ಮರಳುವಾಗ ಹಾಸನ ದಾಟಿದ ಮೇಲಿನ ನುಣುಪು ಹೆದ್ದಾರಿಯಲ್ಲಿ ಕೈಕೊಡುತ್ತದೆ. ವೇಗ ಗಂಟೆಗೆ 75 ಕಿಲೋಮೀಟರ್ ಇರಬಹುದು. ಸೇತುವೆಯ ಕಾಂಕ್ರೀಟು ಹಲಗೆಗಳು ಕೂಡುವ ಜಾಗವನ್ನು ಮುಂದಿನ ಚಕ್ರ ಟಕ್ಕೆಂದು ಹಾಯುತ್ತದೆ. ಮರುಕ್ಷಣವೇ ಸ್ಟೀರಿಂಗ್ ಹಿಡಿತಕ್ಕೆ ಸಿಗದೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗುತ್ತದೆ. ಡ್ಯಾಶ್‌ಬೋರ್ಡು ಗಡಗಡ ಎನ್ನುತ್ತದೆ, ಮುಂದಿನ ಬಂಪರು ಕುಣಿಯುತ್ತದೆ. ಗುದ್ದು ಕೊಟ್ಟ ಜಾಗ ನೂರು ಮೀಟರ್ ಹಿಂದೆ ಉಳಿದರೂ ಅದುರಾಟ ನಿಲ್ಲುವುದಿಲ್ಲ. ವೇಗ 40ಕ್ಕೆ ಇಳಿದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಗಾಡಿ ಸುಮ್ಮನಾಗುತ್ತದೆ.

ಜೀಪು ಓಡಿಸುವವರು ಇದನ್ನು ಡೆತ್ ವಾಬಲ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ‘ವಾಬ್ಲಿಂಗ್ ಹೊಡೀತಿದೆ’ ಎಂದರೆ ಸಾಕು, ಮೆಕ್ಯಾನಿಕ್ಕಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಬಹುತೇಕ ಕಡೆ ನಡೆಯುವುದು ಒಂದೇ: ಅಲುಗಾಟವನ್ನು ನುಂಗುವ ಸ್ಟೀರಿಂಗ್ ಡ್ಯಾಂಪರ್ ಬಿಚ್ಚಿ ಹೊಸದನ್ನು ಹಾಕುವುದು. ಅದುರಾಟ ನಿಲ್ಲುತ್ತದೆ, ಮಾಲೀಕರು ದುಡ್ಡು ಕೊಟ್ಟು ಹೋಗುತ್ತಾರೆ. ಕೆಲವು ತಿಂಗಳಲ್ಲಿ ಅದೇ ಗಾಡಿ ಅದೇ ದೂರಿನೊಂದಿಗೆ ಮತ್ತೆ ಅಲ್ಲಿಗೇ ಬರುತ್ತದೆ.

ಮತ್ತೆ ಬರಲು ಕಾರಣವಿದೆ. ಈ ಅದುರಾಟ ಯಾವುದೋ ಒಂದು ಬಿಡಿಭಾಗದ ಕಾಯಿಲೆ ಅಲ್ಲ. ಟೈರು, ಆ್ಯಕ್ಸಲ್, ಸ್ಪ್ರಿಂಗು, ಸ್ಟೀರಿಂಗ್ ಕೊಂಡಿಗಳು ಎಲ್ಲವೂ ಸೇರಿ ಒಂದಕ್ಕೊಂದು ಶಕ್ತಿ ದಾಟಿಸುವ ಒಂದು ಸುತ್ತು ಅದು. ಆ ಸುತ್ತಿನಲ್ಲಿ ಎಲ್ಲಿ ಸಡಿಲವಿದೆ ಎಂದು ಕ್ರಮವಾಗಿ ಹುಡುಕದ ಹೊರತು ಪತ್ತೆ ಪೂರ್ತಿಯಾಗುವುದಿಲ್ಲ.

1920ರ ದಶಕದ ಕಾಯಿಲೆ

ಗಾಡಿಯನ್ನು ಎತ್ತರಿಸಿ ದೊಡ್ಡ ಟೈರು ಹಾಕಿಸಿಕೊಂಡ ಇಂದಿನ ಉತ್ಸಾಹಿಗಳು ಎದುರಿಸುವ ಈ ತೊಂದರೆಯನ್ನು ಇಡೀ ಕಾರು ಉದ್ಯಮ ನೂರು ವರ್ಷಗಳ ಹಿಂದೆಯೇ ಅನುಭವಿಸಿತ್ತು. ಆಗಿನ ಕಾರುಗಳ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆ್ಯಕ್ಸಲ್‌ನ ಎರಡು ತುದಿಗಳಲ್ಲಿ ಕೂತಿರುತ್ತಿದ್ದವು. ಟೈರುಗಳು ಸಪೂರ, ಒಳಗಿನ ಗಾಳಿಯ ಒತ್ತಡ ಹೆಚ್ಚು. 1920ರ ದಶಕದ ನಡುವೆ ಎರಡು ಬದಲಾವಣೆಗಳು ಹೆಚ್ಚು ಕಡಿಮೆ ಒಟ್ಟಿಗೇ ಬಂದವು. ಒಂದು, ಕಡಿಮೆ ಒತ್ತಡದ ದಪ್ಪನೆಯ ಬಲೂನ್ ಟೈರು. ಇನ್ನೊಂದು, ಮುಂದಿನ ಚಕ್ರಗಳಿಗೂ ಬ್ರೇಕು. ಕೂತವರಿಗೆ ಪ್ರಯಾಣ ಹಿತವಾಯಿತು, ನಿಲ್ಲಿಸುವುದು ಸುಲಭವಾಯಿತು. ಆದರೆ ಮುಂದಿನ ಆ್ಯಕ್ಸಲ್‌ನ ತುದಿಗಳಿಗೆ ತೂಕ ಹೆಚ್ಚಿತು, ನೆಲಕ್ಕೂ ಚಕ್ರಕ್ಕೂ ನಡುವಿನ ರಬ್ಬರು ಮೆದುವಾಯಿತು. ಚಕ್ರಗಳು ಅದುರತೊಡಗಿದವು.

ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೆ 1925ರಲ್ಲಿ ಈ ಅದುರಾಟದ ಬಗ್ಗೆ ಬರೆದರು. ಟೈರು ಅಡ್ಡಡ್ಡಲಾಗಿ ಸ್ವಲ್ಪ ಜಾರುತ್ತಲೇ ಉರುಳುತ್ತದೆ, ಅದುರಾಟದ ಬೇರು ಅಲ್ಲಿದೆ ಎಂಬುದು ಅವರ ಕಾಣ್ಕೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ವಿಭಾಗ ಸೇರಿದ್ದ ಮಾರಿಸ್ ಆಲಿ 1930ರ ದಶಕದ ಆರಂಭದಲ್ಲಿ ಸಸ್ಪೆನ್ಷನ್‌ನ ಪ್ರಯೋಗಗಳಿಗೆ ಕೈಹಾಕಿದರು. ಪ್ರಯಾಣವನ್ನು ಹಿತವಾಗಿಸಲು ಮುಂದಿನ ಸ್ಪ್ರಿಂಗನ್ನು ಮೆದು ಮಾಡಬೇಕಿತ್ತು. ಗಟ್ಟಿ ಆ್ಯಕ್ಸಲ್ ಇಟ್ಟುಕೊಂಡು ಹಾಗೆ ಮಾಡಿದರೆ ಅದುರಾಟ ತಾಳಲಾಗದಷ್ಟು ಹೆಚ್ಚುತ್ತಿತ್ತು. ಕೊನೆಗೆ ಆ್ಯಕ್ಸಲ್ಲನ್ನೇ ಬಿಡಲಾಯಿತು. 1934ರ ಮಾದರಿಗಳಲ್ಲಿ ಆ ಸಂಸ್ಥೆಯ ಕಾರುಗಳಿಗೆ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಬಂತು. ಮುಂದೆ ಬಹುತೇಕ ಎಲ್ಲ ಕಾರುಗಳೂ ಅದೇ ದಾರಿ ಹಿಡಿದವು.

ಬಂಡೆ, ಕೆಸರು, ಹಳ್ಳ ಹಾಯಬೇಕಾದ ಗಾಡಿಗಳು ಮಾತ್ರ ಗಟ್ಟಿ ಆ್ಯಕ್ಸಲ್ ಉಳಿಸಿಕೊಂಡವು. ಒಂದು ಚಕ್ರ ಬಂಡೆಯ ಮೇಲೇರಿದಾಗ ಇನ್ನೊಂದನ್ನು ನೆಲಕ್ಕೆ ಒತ್ತುವ ಗುಣ ಅದಕ್ಕಿದೆ. ರಚನೆ ಸರಳ, ಏಟು ತಿಂದರೂ ತಾಳುತ್ತದೆ. ನಮ್ಮಲ್ಲಿ 1985ರಲ್ಲಿ ಬಂದ ಮಾರುತಿ ಜಿಪ್ಸಿ, ಮಲೆನಾಡಿನ ಏರುದಾರಿಗಳಲ್ಲಿ ಇಂದಿಗೂ ಓಡುವ ಹಳೆಯ ಮಹೀಂದ್ರ ಜೀಪುಗಳು, 2023ರಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿ, ವಿದೇಶದ ಜೀಪ್ ರ‍್ಯಾಂಗ್ಲರ್ ಎಲ್ಲವೂ ಮುಂದುಗಡೆ ಗಟ್ಟಿ ಆ್ಯಕ್ಸಲ್ಲಿನವೇ. 2020ರ ಹೊಸ ಥಾರ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್ ಇದೆ. ಹಾಗಾಗಿ ಅದರ ಸ್ಟೀರಿಂಗ್ ನಡುಗಿದರೆ ಹುಡುಕುವ ದಾರಿ ಬೇರೆ.

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಈ ಗಾಡಿಗಳ ಎಲ್ಲ ಅಳತೆಗಳೂ ಒಂದಕ್ಕೊಂದು ಹೊಂದಿರುತ್ತವೆ. ಎತ್ತರಿಸಿ, ಭಾರದ ಟೈರು ಹಾಕಿ, ಗಾಳಿ ಕಡಿಮೆ ಮಾಡಿದಾಗ ಮಾಲೀಕರು ತಮಗೆ ಅರಿವಿಲ್ಲದೆಯೇ 1920ರ ದಶಕದ ಆ ಪರಿಸ್ಥಿತಿಯನ್ನು ಮತ್ತೆ ಕಟ್ಟುತ್ತಾರೆ.

ಅದುರಾಟಕ್ಕೆ ಕಸುವು ಎಲ್ಲಿಂದ?

ಸೇತುವೆಯ ಒಂದು ಸಣ್ಣ ಗುದ್ದಿಗೆ ಅಷ್ಟು ಹೊತ್ತು ಗಾಡಿಯನ್ನು ಅಲ್ಲಾಡಿಸುವ ಶಕ್ತಿ ಇಲ್ಲ. ಗುದ್ದು ಕಿಡಿ ಹಚ್ಚುತ್ತದೆ ಅಷ್ಟೇ. ಉರುವಲು ಒದಗಿಸುವುದು ಗಾಡಿಯ ಓಟವೇ.

ವೇಗವಾಗಿ ಸುತ್ತುವ ಪ್ರತಿ ಚಕ್ರವೂ ಒಂದು ಗೈರೋಸ್ಕೋಪ್. ಅದರ ಅಚ್ಚನ್ನು ಒಂದು ದಿಕ್ಕಿಗೆ ವಾಲಿಸಿದರೆ ಅದು ಅಡ್ಡ ದಿಕ್ಕಿಗೆ ತಿರುಗಲು ನೋಡುತ್ತದೆ. ಗಟ್ಟಿ ಆ್ಯಕ್ಸಲ್‌ನ ಎಡಚಕ್ರ ಗುಬ್ಬಿನ ಮೇಲೆ ಎದ್ದಾಗ ಇಡೀ ಆ್ಯಕ್ಸಲ್ ವಾಲುತ್ತದೆ, ಅದರೊಂದಿಗೆ ಎರಡೂ ಚಕ್ರಗಳ ಅಚ್ಚು ವಾಲುತ್ತದೆ. ಆಗ ಚಕ್ರಗಳು ಬಲಕ್ಕೆ ತಿರುಗಲು ತವಕಿಸುತ್ತವೆ. ಹಾಗೆ ಬಲಕ್ಕೆ ತಿರುಗುವಾಗ ಅದೇ ನಿಯಮ ಎಡತುದಿಯನ್ನು ಕೆಳಕ್ಕೊತ್ತಿ ಬಲತುದಿಯನ್ನು ಮೇಲೆತ್ತುತ್ತದೆ. ಬಲತುದಿ ಎದ್ದಿತೆಂದರೆ ಚಕ್ರಗಳು ಎಡಕ್ಕೆ ತಿರುಗಬೇಕು. ಹೀಗೆ ಆ್ಯಕ್ಸಲ್‌ನ ಏರಿಳಿತ ಮತ್ತು ಚಕ್ರಗಳ ಎಡಬಲ ತಿರುಗಾಟ ಪರಸ್ಪರ ಹೆಣೆದುಕೊಳ್ಳುತ್ತವೆ. ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಚಕ್ರ ಬಹುಮಟ್ಟಿಗೆ ನೆಟ್ಟಗೆ ಏರಿಳಿಯುತ್ತದೆ, ಅಚ್ಚು ಹೆಚ್ಚು ವಾಲುವುದಿಲ್ಲ, ಈ ಹೆಣಿಗೆಯೂ ಬಿಗಿಯುವುದಿಲ್ಲ.

ಗೈರೋಸ್ಕೋಪ್ ಶಕ್ತಿಯನ್ನು ಅತ್ತಿಂದಿತ್ತ ದಾಟಿಸುತ್ತದೆಯೇ ಹೊರತು ಹೊಸದಾಗಿ ತರುವುದಿಲ್ಲ. ತರುವುದು ಟೈರು. ಚಕ್ರವನ್ನು ತಿರುಗಿಸಿದ ಕೂಡಲೇ ಟೈರು ನೆಲವನ್ನು ಪೂರ್ತಿ ಬಲದಿಂದ ಅಡ್ಡ ತಳ್ಳುವುದಿಲ್ಲ. ರಬ್ಬರು ತಿರುಚಿಕೊಂಡು ಆ ಬಲ ಕೂಡಿಬರಲು ಚಕ್ರ ಅರ್ಧ ಮೀಟರಿನ ಆಸುಪಾಸು ದೂರ ಉರುಳಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ದೂರಕ್ಕೆ ಹಿಡಿಯುವುದು ಸೆಕೆಂಡಿನ ನೂರರಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು ಸಮಯ. ಕೇಳಲು ಅತ್ಯಲ್ಪ. ಆದರೆ ಚಕ್ರ ಸೆಕೆಂಡಿಗೆ ಎಂಟು ಸಲ ಅದುರುತ್ತಿದ್ದರೆ ಒಂದು ಅದುರಿಗೆ ಸಿಗುವುದೇ ಸೆಕೆಂಡಿನ ಎಂಟನೇ ಒಂದು ಭಾಗ. ಅದರಲ್ಲಿ ಸುಮಾರು ಆರನೇ ಒಂದು ಪಾಲು ಈ ತಡಕ್ಕೇ ಹೋಗುತ್ತದೆ. ಚಕ್ರವನ್ನು ಮಧ್ಯಕ್ಕೆ ಎಳೆಯಬೇಕಾದ ಬಲ ತಡವಾಗಿ ಬಂದು, ಚಕ್ರ ಮಧ್ಯ ದಾಟಿ ಆಚೆ ಹೊರಟಾಗ ಅದೇ ದಿಕ್ಕಿಗೆ ನೂಕುತ್ತದೆ. ಉಯ್ಯಾಲೆಯನ್ನು ಹಿಂದಿನಿಂದ ಸರಿಯಾದ ಗಳಿಗೆಗೆ ತಳ್ಳಿದಂತೆ, ಪ್ರತಿ ಸುತ್ತಿನಲ್ಲೂ ಓಡುವ ಗಾಡಿಯ ಶಕ್ತಿಯ ಒಂದು ಚೂರು ಅದುರಾಟಕ್ಕೆ ಸೇರುತ್ತದೆ.

ವಿಮಾನ ನಿಲ್ದಾಣದ ಟ್ರಾಲಿಯನ್ನು ರಭಸದಿಂದ ತಳ್ಳಿದಾಗ ಮುಂದಿನ ಪುಟ್ಟ ಗಾಲಿ ಪಟಪಟ ಹೊಡೆದುಕೊಳ್ಳುವುದು, ವಿಮಾನದ ಮೂತಿಯ ಚಕ್ರ ರನ್‌ವೇ ಮೇಲೆ ನಡುಗುವುದು ಇದೇ ಜಾತಿಯವು. ವಿಮಾನದ ಚಕ್ರಗಳ ಈ ಸಮಸ್ಯೆಯನ್ನು ಅಮೆರಿಕದ ಆರ್ಥರ್ ಕಾಂಟ್ರೊವಿಟ್ಜ್ 1930ರ ದಶಕದಲ್ಲಿ ಅಭ್ಯಸಿಸಿದರು. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ಪಸೇಕಾ 1966ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯವೇ ಚಕ್ರದ ಅದುರಾಟ. ಮುಂದೆ ಟೈರಿನ ವರ್ತನೆಯನ್ನು ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಕೆಗೆ ಬಂದ ಸೂತ್ರಕ್ಕೂ ಅವರದೇ ಹೆಸರು ಅಂಟಿಕೊಂಡಿತು.

ಹಾಗಾದರೆ ಎಲ್ಲ ಜೀಪುಗಳೂ ಸದಾ ಅದುರಬೇಕಲ್ಲ? ಅದುರುವುದಿಲ್ಲ. ಕೀಲುಗಳ ಘರ್ಷಣೆ, ಡ್ಯಾಂಪರಿನ ಎಣ್ಣೆ, ರಬ್ಬರು ಬುಷ್‌ಗಳು ಪ್ರತಿ ಸುತ್ತಿನಲ್ಲೂ ಶಕ್ತಿಯನ್ನು ನುಂಗುತ್ತವೆ. ಒಳಬರುವುದಕ್ಕಿಂತ ನುಂಗುವುದು ಹೆಚ್ಚಿದ್ದರೆ ಗುದ್ದಿನ ಪೆಟ್ಟು ಅಲ್ಲೇ ಸಾಯುತ್ತದೆ. ಕೀಲು ಸವೆದು ಆಟ ಬಂದಾಗ, ಆ ಆಟದ ಅಂತರದೊಳಗೆ ಚಕ್ರವನ್ನು ಹಿಡಿಯುವವರೇ ಇರುವುದಿಲ್ಲ. ಸಣ್ಣ ಅಲುಗಾಟವನ್ನು ಘರ್ಷಣೆ ತಡೆಯುತ್ತದೆ. ಗುದ್ದು ಬಿದ್ದು ಅಲುಗಾಟ ಒಂದು ಮಿತಿ ದಾಟಿತೋ, ಒಳಬರುವ ಶಕ್ತಿಯ ಕೈ ಮೇಲಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗಟ್ಟಲೆ ತೆಪ್ಪಗಿದ್ದ ಗಾಡಿ ಒಂದೇ ಜೋಡಣೆಯ ಗೆರೆಗೆ ಕೆರಳುವುದಕ್ಕೂ, ಒಮ್ಮೆ ಕೆರಳಿದ್ದು ವೇಗ ಚೆನ್ನಾಗಿ ಇಳಿಯುವ ತನಕ ತಣಿಯದಿರುವುದಕ್ಕೂ ವಿವರಣೆ ಇದು.

ಎತ್ತರಿಸಿದಾಗ ಏನೇನು ಬದಲಾಗುತ್ತದೆ

ಜಿಪ್ಸಿ ಕಿಂಗ್‌ನ ಮೂಲ ಟೈರು 205/70 ಆರ್ 15. ವ್ಯಾಸ ಸುಮಾರು 67 ಸೆಂಟಿಮೀಟರ್. ಆಫ್‌ರೋಡ್ ಪ್ರಿಯರು ಅದರ ಜಾಗದಲ್ಲಿ 31 ಇಂಚಿನ, ಎಂದರೆ 79 ಸೆಂಟಿಮೀಟರ್ ವ್ಯಾಸದ ದಪ್ಪ ಟೈರು ಹಾಕಿಸುವುದುಂಟು. ರಿಮ್ ಸಮೇತ ಚಕ್ರದ ತೂಕ 20 ಕಿಲೋದಿಂದ 30ಕ್ಕೆ ಏರಿತೆಂದು ಇಟ್ಟುಕೊಂಡರೆ, ಸುತ್ತುವ ಜಡತ್ವ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ತೂಕದ ಏರಿಕೆ ಒಂದೂವರೆ ಪಟ್ಟು, ತ್ರಿಜ್ಯದ ವರ್ಗದ ಏರಿಕೆ ಸುಮಾರು 1.4 ಪಟ್ಟು, ಎರಡನ್ನೂ ಗುಣಿಸಬೇಕು. ಅದನ್ನೆಲ್ಲ ತಡೆದು ನಿಲ್ಲಿಸಬೇಕಾದ, ಎರಡೂ ಚಕ್ರಗಳನ್ನು ಜೋಡಿಸುವ ಟೈರಾಡಿನ ತುದಿಯ ಕೀಲು (ಟೈರಾಡ್ ಎಂಡ್) ಮಾತ್ರ ಹಳೆಯದೇ.

ಟೈರು ಹೊರಗೆ ಚಾಚಲೆಂದು ಸ್ಪೇಸರ್ ಅಥವಾ ಬೇರೆ ಆಫ್‌ಸೆಟ್ಟಿನ ರಿಮ್ ಹಾಕಿದರೆ, ನೆಲದ ಪ್ರತಿ ಪೆಟ್ಟಿಗೂ ಸ್ಟೀರಿಂಗ್ ತಿರುಗಿಸುವ ಸನ್ನೆ ಉದ್ದವಾದಂತೆ ಆಗುತ್ತದೆ. ಮುಂದಿನ ಚಕ್ರ ಕಲ್ಲಿಗೆ ತಾಗಿದಾಗ ಕೈಗೆ ಬರುವ ಒದೆತ ಹೆಚ್ಚುವುದು ಇದರಿಂದಲೇ.

ಎತ್ತರಿಸುವ ಕೆಲಸ ಗಾಡಿಯಿಂದ ಗಾಡಿಗೆ ಬೇರೆ. ಜಿಪ್ಸಿಯ ಲೀಫ್ ಸ್ಪ್ರಿಂಗು ಮೂಲದಲ್ಲಿ ಆ್ಯಕ್ಸಲ್‌ನ ಕೆಳಗೆ ಹಾದುಹೋಗುತ್ತದೆ. ಅದನ್ನು ಬಿಚ್ಚಿ ಆ್ಯಕ್ಸಲ್‌ನ ಮೇಲೆ ಕೂರಿಸಿದರೆ ಗಾಡಿ ಒಮ್ಮೆಲೇ 10 ಸೆಂಟಿಮೀಟರಿಗೂ ಹೆಚ್ಚು ಮೇಲೇಳುತ್ತದೆ. ಸ್ಟೀರಿಂಗ್ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋಯಿತು, ಚಕ್ರ ಕೆಳಗೇ ಉಳಿಯಿತು. ಎರಡನ್ನೂ ಜೋಡಿಸುವ ಡ್ರ್ಯಾಗ್ ಲಿಂಕ್ ಇಳಿಜಾರಾಯಿತು. ಇನ್ನು ಗುಂಡಿಗೆ ಇಳಿದೆದ್ದಾಗಲೆಲ್ಲ ಈ ಇಳಿಜಾರು ಕೊಂಡಿ ತಾನೇ ಚಕ್ರವನ್ನು ಎಳೆದು ತಳ್ಳಿ ಮಾಡುತ್ತದೆ, ಸವಾರ ಸ್ಟೀರಿಂಗ್ ಮುಟ್ಟದಿದ್ದರೂ.

ಕಾಯಿಲ್ ಸ್ಪ್ರಿಂಗಿನ ಜಿಮ್ನಿ, ರ‍್ಯಾಂಗ್ಲರ್‌ಗಳಲ್ಲಿ ಆ್ಯಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್. ಜೀಪಿನವರು ಅದನ್ನೇ ಟ್ರ್ಯಾಕ್ ಬಾರ್ ಎನ್ನುತ್ತಾರೆ. ಒಂದು ತುದಿ ಚಾಸಿಗೆ, ಇನ್ನೊಂದು ಆ್ಯಕ್ಸಲ್‌ಗೆ. ಇದು ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿ, ಆದಷ್ಟೂ ಅದೇ ಉದ್ದದಲ್ಲಿ ಇರಬೇಕು. ಆಗ ಎರಡೂ ಒಂದೇ ಕಮಾನಿನಲ್ಲಿ ಏರಿಳಿಯುತ್ತವೆ. ಎತ್ತರಿಸಿದ ಮೇಲೆ, ಸ್ಟೀರಿಂಗ್ ಬಾಕ್ಸಿಗೆ ಡ್ರ್ಯಾಗ್ ಲಿಂಕನ್ನು ಕೂಡಿಸುವ ತೋಳಿನ ಜಾಗದಲ್ಲಿ ಕೆಳಕ್ಕೆ ಬಾಗಿದ ಪಿಟ್‌ಮ್ಯಾನ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕನ್ನಷ್ಟೇ ಮಟ್ಟಕ್ಕೆ ತಂದು ಪ್ಯಾನ್‌ಹಾರ್ಡ್ ರಾಡನ್ನು ಹಾಗೇ ಬಿಟ್ಟರೆ ಆ ಹೊಂದಾಣಿಕೆ ಕೆಡುತ್ತದೆ. ಪೇಟೆಯಲ್ಲಿ ಸಿಗುವ ಅಗ್ಗದ ಲಿಫ್ಟ್ ಕಿಟ್‌ಗಳಲ್ಲಿ ಎಷ್ಟೋ ಸಲ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುತ್ತವೆ, ಇದನ್ನು ಸರಿಪಡಿಸುವ ಭಾಗಗಳು ಇರುವುದಿಲ್ಲ.

ಇಲ್ಲೊಂದು ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಗಾಡಿ ಮಾರ್ಪಡಿಸುವ ಮುನ್ನವೇ ಇದನ್ನು ತಿಳಿದಿರಬೇಕು.

ಮೊದಲು ಮೂರು ಪ್ರಶ್ನೆ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಳ್ಳೆಯ ಮೆಕ್ಯಾನಿಕ್ ಗಾಡಿ ತಂದವರನ್ನು ಮಾತಾಡಿಸುತ್ತಾನೆ. ಯಾವ ವೇಗದಲ್ಲಿ? ಗುದ್ದು ಬಿದ್ದರೆ ಮಾತ್ರವೋ, ತಾನಾಗಿಯೋ? ಹೇಗೆ ನಿಲ್ಲುತ್ತದೆ?

ನುಣುಪು ರಸ್ತೆಯಲ್ಲಿ ಒಂದು ವೇಗಕ್ಕೆ ಮೆಲ್ಲಗೆ ಶುರುವಾಗಿ, ಇನ್ನಷ್ಟು ವೇಗ ಹೆಚ್ಚಿಸಿದಾಗ ಮಾಯವಾಗುವ ನಡುಕ ಬಹುತೇಕ ಟೈರಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಅಥವಾ ಡ್ರಮ್ ನೋಡಬೇಕು. ಸ್ಟೀರಿಂಗ್ ನಡುಗದೆ ಗಾಡಿ ಅತ್ತಿತ್ತ ಅಲೆದಾಡಿದರೆ ಸ್ಟೀರಿಂಗನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನದ ಮೇಲೆ ಅನುಮಾನ. ಗುದ್ದಿನಿಂದ ಶುರುವಾಗಿ, ರಭಸದಿಂದ ಹೊಡೆದು, ವೇಗ ಚೆನ್ನಾಗಿ ಇಳಿಸುವ ತನಕ ಬಿಡದಿದ್ದರೆ ಅದು ನಿಜವಾದ ವಾಬ್ಲಿಂಗ್. ಅಲ್ಲಿ ಕೀಲುಗಳ ಆಟ ಹುಡುಕಲೇಬೇಕು.

ರಸ್ತೆಯಲ್ಲಿ ಹಾಗಾದಾಗ ಮಾಡಬೇಕಾದ್ದೂ ಇಷ್ಟೇ: ಹೆಬ್ಬೆರಳನ್ನು ಸ್ಟೀರಿಂಗ್ ಕಡ್ಡಿಗಳ ಒಳಗೆ ಸಿಕ್ಕಿಸದೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು, ಆ್ಯಕ್ಸಿಲರೇಟರ್ ಬಿಡುವುದು, ಹದವಾಗಿ ಬ್ರೇಕ್ ಒತ್ತಿ ಎಡಕ್ಕೆ ಸರಿಯುವುದು. ವೇಗ ಹೆಚ್ಚಿಸಿ ಅದನ್ನು ದಾಟಿಬಿಡುವ ಸಾಹಸ ಸಲ್ಲದು.

ಕೆಸರು, ಟೈರು, ಗಾಳಿ

ಮಲೆನಾಡಿನಿಂದ ಮರಳಿದ ಗಾಡಿಯಾದರೆ ಮೊದಲ ಪರೀಕ್ಷೆಗೆ ಬೇಕಾದ್ದು ನೀರಿನ ಪೈಪು. ರಿಮ್‌ನ ಒಳಮೈಗೆ ಮೆತ್ತಿದ ಜಂಬಿಟ್ಟಿಗೆ ಮಣ್ಣು ಒಣಗಿ ಗಟ್ಟಿಯಾಗಿ ಒಂದು ಬದಿಗೆ ಅಂಟಿರುತ್ತದೆ, ಹೊರಗಿನಿಂದ ನೋಡಿದರೆ ಕಾಣದು. ಬರೀ 100 ಗ್ರಾಂ ಕೆಸರು ಅಚ್ಚಿನಿಂದ 19 ಸೆಂಟಿಮೀಟರ್ ದೂರದಲ್ಲಿದೆ, ಚಕ್ರ ಸೆಕೆಂಡಿಗೆ ಹತ್ತು ಸುತ್ತು ಸುತ್ತುತ್ತಿದೆ ಎಂದುಕೊಂಡರೆ, ಅದು ಹೊರಕ್ಕೆ ಎಳೆಯುವ ಬಲ ಸುಮಾರು 75 ನ್ಯೂಟನ್. ಏಳೂವರೆ ಕಿಲೋ ತೂಕದಷ್ಟು ಬಲ ಸೆಕೆಂಡಿಗೆ ಹತ್ತು ಸಲ ಚಕ್ರವನ್ನು ಜಗ್ಗುತ್ತದೆ. ಮೂಲ ಟೈರಿನಲ್ಲಿ ಜಿಪ್ಸಿ ಗಂಟೆಗೆ 75 ಕಿಲೋಮೀಟರ್ ಓಡುವಾಗ ಚಕ್ರ ಸುತ್ತುವುದು ಇದೇ ವೇಗದಲ್ಲಿ.

ಎಷ್ಟೋ ಗಾಡಿಗಳ ನಡುಕ ತೊಳೆದ ಮೇಲೆ ಹೋಗಿಬಿಡುತ್ತದೆ. ಹೋಗದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ, ಟೈರಿನ ಮೈ ಸವರಿ ನೋಡಬೇಕು. ಮಡ್ ಟೈರಿನ ದಪ್ಪ ಗುಬ್ಬುಗಳು ಒಂದು ಬಿಟ್ಟು ಒಂದು ಸವೆದಿದ್ದರೆ, ಎಲ್ಲಾದರೂ ಒಳಪದರ ಬಿಟ್ಟು ಉಬ್ಬಿದ್ದರೆ ಬೆರಳಿಗೆ ತಿಳಿಯುತ್ತದೆ. ಕೆಸರಿಗೆಂದು ಇಳಿಸಿದ ಗಾಳಿಯನ್ನು ಹೆದ್ದಾರಿಗೆ ಬರುವ ಮುನ್ನ ತುಂಬಿಸಿದ್ದಾರೆಯೇ ಎಂದೂ ಕೇಳಬೇಕು. ಗಾಳಿ ಕಡಿಮೆಯಿದ್ದಾಗ ಟೈರಿನ ಬದಿಗಳು ಮೆದುವಾಗಿ, ಅದುರಾಟದ ಲೆಕ್ಕವೇ ಬದಲಾಗುತ್ತದೆ.

ಇಲ್ಲಿ ಹೆಚ್ಚು ಹೇಳುವ ಪರೀಕ್ಷೆಗೆ ಖರ್ಚೇ ಇಲ್ಲ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಬೇಕು. ನಡುಕದ ರೀತಿ ಬದಲಾದರೆ ಟೈರಿನ ಪಾತ್ರ ಖಚಿತ. ಸ್ನೇಹಿತರ ಅದೇ ಮಾದರಿಯ ಗಾಡಿಯಿಂದ ಮೂಲ ಅಳತೆಯ ಚಕ್ರಗಳನ್ನು ಎರವಲು ತಂದು ಹಾಕಿ ನೋಡಿದರೆ ಉತ್ತರ ಇನ್ನೂ ಸ್ಪಷ್ಟ.

ನಿಂತಲ್ಲೇ ನಡೆಸುವ ಪರೀಕ್ಷೆ

ಇನ್ನು ಇಬ್ಬರು ಬೇಕು. ಗಾಡಿ ಸಮತಟ್ಟು ನೆಲದಲ್ಲಿ ತನ್ನ ಚಕ್ರಗಳ ಮೇಲೇ ನಿಂತಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಜಾಕಿ ಹಾಕಿ ಎತ್ತಿದರೆ ಕೀಲುಗಳ ಮೇಲಿನ ಭಾರ ಹೋಗಿ ಆಟ ಅಡಗಿಬಿಡಬಹುದು. ಸ್ಟೀರಿಂಗ್ ಡ್ಯಾಂಪರಿನ ಒಂದು ತುದಿ ಬಿಚ್ಚಿಡುವುದು ಒಳ್ಳೆಯದು, ಅದು ಸಡಿಲವನ್ನು ಮರೆಮಾಚುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಬೇಡ.

ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು, ಬಿಡದೆ ಆಡಿಸುತ್ತಾರೆ. ಇನ್ನೊಬ್ಬರು ಕೆಳಗೆ ಮಲಗಿ, ಬಲ ಹೋಗುವ ದಾರಿಯಲ್ಲೇ ಒಂದೊಂದು ಕೀಲನ್ನು ನೋಡುತ್ತ ಬರುತ್ತಾರೆ: ಸ್ಟೀರಿಂಗ್ ಬಾಕ್ಸ್, ಅದನ್ನು ಚಾಸಿಗೆ ಬಿಗಿದ ಬೋಲ್ಟ್‌ಗಳು, ಪಿಟ್‌ಮ್ಯಾನ್ ಆರ್ಮ್, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈರಾಡಿನ ಎರಡು ತುದಿ. ಒಂದು ಭಾಗ ಅಲುಗಿದ ಕೂಡಲೇ ಅದರ ಮುಂದಿನದೂ ಅಲುಗಬೇಕು. ನಡುವೆ ಒಂದು ಕೂದಲೆಳೆಯಷ್ಟು ತಡ ಕಂಡರೂ ಅಲ್ಲಿ ಆಟವಿದೆ. ಕಣ್ಣಿಗೆ ಕಾಣದ್ದು ಕೀಲಿನ ಮೇಲಿಟ್ಟ ಅಂಗೈಗೆ ‘ಕಟ್’ ಎಂದು ತಾಗುತ್ತದೆ. ಬೆರಳು ಮಾತ್ರ ಎರಡು ಲೋಹಗಳ ಸಂದಿಗೆ ಹೋಗದಂತೆ ಎಚ್ಚರವಿರಬೇಕು.

ಕಾಯಿಲ್ ಸ್ಪ್ರಿಂಗಿನ ಗಾಡಿಯಲ್ಲಿ ಹೆಚ್ಚು ಹೊತ್ತು ನೋಡಬೇಕಾದ್ದು ಪ್ಯಾನ್‌ಹಾರ್ಡ್ ರಾಡಿನ ಎರಡು ಬೋಲ್ಟುಗಳನ್ನು. ಬೋಲ್ಟು ಸಡಿಲವಿದ್ದು ಗಾಡಿ ಓಡಿದರೆ, ಬ್ರಾಕೆಟ್ಟಿನ ದುಂಡನೆಯ ತೂತು ತಿಕ್ಕಿ ತಿಕ್ಕಿ ಮೊಟ್ಟೆಯಾಕಾರವಾಗುತ್ತದೆ. ಬಳಿಕ ಎಷ್ಟು ಬಿಗಿದರೂ ಅದು ನಿಲ್ಲದು. ಬೋಲ್ಟಿನ ತಲೆಯ ಸುತ್ತ ಬಣ್ಣ ಕಿತ್ತು ಹೊಳೆಯುವ ಉಂಗುರ ಕಂಡರೆ, ತುಕ್ಕಿನ ಕೆಂಪು ಪುಡಿ ಉದುರಿದ್ದರೆ ಅದೇ ಸುಳಿವು. ಲೀಫ್ ಸ್ಪ್ರಿಂಗಿನ ಗಾಡಿಯಲ್ಲಿ ಈ ರಾಡ್ ಇರುವುದಿಲ್ಲ, ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಸ್ಪ್ರಿಂಗಿನ ಪಟ್ಟಿಗಳೇ. ಅಲ್ಲಿ ಸ್ಪ್ರಿಂಗಿನ ತುದಿಯ ಶ್ಯಾಕಲ್ ಬುಷ್‌ಗಳನ್ನೂ ಯೂ ಬೋಲ್ಟ್‌ಗಳನ್ನೂ ನೋಡಬೇಕು. ಚಕ್ರ ತಿರುಗುವ ಮೊದಲೇ ಇಡೀ ಆ್ಯಕ್ಸಲ್ ಚಾಸಿಯ ಕೆಳಗೆ ಪಕ್ಕಕ್ಕೆ ಜರುಗಿದರೆ ಬುಷ್ ಮುಗಿದಿದೆ ಎಂದರ್ಥ.

ಇದಾದ ಮೇಲೆ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು. ಆಟ ಕಂಡರೆ ಅದು ವೀಲ್ ಬೇರಿಂಗಿನದೋ, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ನಿನದೋ ಎಂಬ ಪ್ರಶ್ನೆ. ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗು. ಬ್ರೇಕ್ ಹಿಡಿದರೂ ಆಟ ಉಳಿದರೆ ಕಿಂಗ್‌ಪಿನ್ನು.

ಜಿಪ್ಸಿ, ಜಿಮ್ನಿ, ಹಳೆಯ ಲ್ಯಾಂಡ್ ಕ್ರೂಸರ್‌ಗಳಂಥ ಗಾಡಿಗಳಲ್ಲಿ ಈ ಕಿಂಗ್‌ಪಿನ್ ಬೇರಿಂಗುಗಳಿಗೆ ವಿಶೇಷ ಗಮನ ಬೇಕು. ಮೇಲೊಂದು ಕೆಳಗೊಂದು ಬೇರಿಂಗು ಇದ್ದು, ಅವನ್ನು ತುಸು ಒತ್ತಿಯೇ ಕೂರಿಸಿರುತ್ತಾರೆ. ಆ ಒತ್ತಡದ ಘರ್ಷಣೆಯೇ ಅದುರಾಟಕ್ಕೆ ಮೊದಲ ತಡೆ. ಒತ್ತಡ ಎಷ್ಟಿರಬೇಕೆಂದು ನಿರ್ಧರಿಸುವುದು ತೆಳ್ಳನೆಯ ಲೋಹದ ಶಿಮ್‌ಗಳು. ಬೇರಿಂಗು ಸವೆದಂತೆ ಆ ಬಿಗಿ ತಪ್ಪುತ್ತದೆ. ಕೈಯಿಂದ ಅಲ್ಲಾಡಿಸಿದಾಗ ಆಟ ಗೊತ್ತಾಗದಿದ್ದರೂ ಬಿಗಿ ಹೋಗಿರಬಹುದು. ಅದಕ್ಕೆ ಟೈರಾಡ್ ಕಳಚಿ, ಆ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಚಕ್ರದ ನಕಲ್ ಅಲುಗಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ಮ್ಯಾನುಯಲ್ಲಿನಲ್ಲಿ ಕೊಟ್ಟದ್ದಕ್ಕಿಂತ ಕಡಿಮೆ ಬಂದರೆ, ಬೇರಿಂಗು ಚೆನ್ನಾಗಿದ್ದಲ್ಲಿ ಒಂದು ಶಿಮ್ ತೆಗೆಯುತ್ತಾರೆ. ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಬದಲಿಸಲೇಬೇಕು.

ಕೋನ ಮತ್ತು ಮಿಲಿಮೀಟರ್

ಕೀಲುಗಳೆಲ್ಲ ಬಿಗಿಯಾದ ಮೇಲೆಯೇ ಅಲೈನ್‌ಮೆಂಟ್. ಸಡಿಲ ಕೀಲಿನ ಗಾಡಿಯ ಅಳತೆ ಯಂತ್ರದ ಮೇಲೆ ಒಂದಿದ್ದರೆ ರಸ್ತೆಯಲ್ಲಿ ಇನ್ನೊಂದಾಗುತ್ತದೆ.

ಮೇಲಿನ ಕೆಳಗಿನ ಕಿಂಗ್‌ಪಿನ್‌ಗಳನ್ನು ಸೇರಿಸುವ ಗೆರೆ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಇದರಿಂದ. ಜಿಮ್ನಿಯಂಥ ಗಾಡಿಯಲ್ಲಿ ಆ್ಯಕ್ಸಲ್ಲು ಉದ್ದನೆಯ ತೋಳುಗಳ ತುದಿಗೆ ಕಚ್ಚಿಕೊಂಡಿರುತ್ತದೆ. ಅಂಥ ತೋಳು 80 ಸೆಂಟಿಮೀಟರ್ ಉದ್ದವಿದೆ, ಗಾಡಿಯನ್ನು 5 ಸೆಂಟಿಮೀಟರ್ ಎತ್ತರಿಸಿದೆ ಎಂದುಕೊಳ್ಳಿ. ತೋಳು ಸುಮಾರು ಮೂರೂವರೆ ಡಿಗ್ರಿ ವಾಲುತ್ತದೆ, ಅದರೊಂದಿಗೆ ಆ್ಯಕ್ಸಲ್ಲೂ ಅಷ್ಟೇ ಉರುಳಿ ಅಷ್ಟು ಕ್ಯಾಸ್ಟರ್ ಕಳೆಯುತ್ತದೆ. ಮೂಲದಲ್ಲಿ ಇದ್ದದ್ದೇ ಮೂರು ನಾಲ್ಕು ಡಿಗ್ರಿಯಾದರೆ ಉಳಿಯುವುದು ಹತ್ತಿರ ಹತ್ತಿರ ಸೊನ್ನೆ. ತೋಳಿನ ಬುಷ್‌ಗಳನ್ನು ಓರೆ ತೂತಿನವಕ್ಕೆ ಬದಲಿಸಿ ಅಥವಾ ಲೀಫ್ ಸ್ಪ್ರಿಂಗಿಗೂ ಆ್ಯಕ್ಸಲ್ಲಿಗೂ ನಡುವೆ ಓರೆ ಶಿಮ್ ಕೊಟ್ಟು ಅದನ್ನು ಮರಳಿ ಪಡೆಯಬಹುದು. ಆದರೆ ಕ್ಯಾಸ್ಟರ್ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು. ಮಿತಿಮೀರಿದರೆ ನೆಲದ ಅಡ್ಡಬಲ ಚಕ್ರವನ್ನು ತಿರುಗಿಸುವ ಸನ್ನೆ ಉದ್ದವಾಗಿ, ಅದುರಾಟಕ್ಕೇ ಅನುಕೂಲವಾಗುತ್ತದೆ.

ಟೋ-ಇನ್ ನೋಡಲು ಟೇಪು ಸಾಕು. ಎರಡೂ ಟೈರುಗಳ ಮಧ್ಯದಲ್ಲಿ ಸುಣ್ಣದ ಗೆರೆ ಎಳೆದು, ಅಚ್ಚಿನ ಎತ್ತರದಲ್ಲಿ ಮುಂದುಗಡೆ ಒಮ್ಮೆ ಅಳೆಯುತ್ತಾರೆ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ, ಹಿಂದಕ್ಕೆ ಬಂದ ಅದೇ ಗುರುತುಗಳ ನಡುವೆ ಮತ್ತೊಮ್ಮೆ ಅಳೆಯುತ್ತಾರೆ. ಗಟ್ಟಿ ಆ್ಯಕ್ಸಲ್ಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಅಳತೆ ಎರಡು ಮೂರು ಮಿಲಿಮೀಟರ್ ಕಡಿಮೆ ಇರಬೇಕು. ಈ ಸಣ್ಣ ಒಳಮುಖದಿಂದ ಓಡುವಾಗ ಟೈರಾಡಿನ ಕೀಲುಗಳು ಒಂದೇ ಬದಿಗೆ ಒತ್ತಿಕೊಂಡಿರುತ್ತವೆ.

ಡ್ಯಾಂಪರ್ ಕೊನೆಗೆ

ಡ್ಯಾಂಪರ್ ಬೇಡದ ಭಾಗವಲ್ಲ. ಕಾರ್ಖಾನೆಯವರು ಅದನ್ನು ಲೆಕ್ಕ ಹಾಕಿಯೇ ಹಾಕಿರುತ್ತಾರೆ. 2018ರಲ್ಲಿ ಬಂದ ಹೊಸ ಪೀಳಿಗೆಯ ರ‍್ಯಾಂಗ್ಲರ್‌ಗಳಲ್ಲಿ ಅದುರಾಟದ ದೂರುಗಳು ಬಂದಾಗ, ಮಾರ್ಪಾಡೇ ಆಗದ ಗಾಡಿಗಳಿಗೂ ಕಂಪನಿ 2019ರಲ್ಲಿ ಬೇರೆ ವಿನ್ಯಾಸದ ಡ್ಯಾಂಪರ್ ಹಾಕಿಕೊಟ್ಟಿತು. ತೈಲ ಸೋರಿದ, ಕೈಯಲ್ಲಿ ಎಳೆದರೆ ಸಲೀಸಾಗಿ ಬರುವ ಡ್ಯಾಂಪರನ್ನು ಬದಲಿಸಲೇಬೇಕು. ಸಡಿಲ ಪ್ಯಾನ್‌ಹಾರ್ಡ್ ರಾಡಿನ ಮೇಲೆ ದಪ್ಪ ಡ್ಯಾಂಪರ್ ಹಾಕುವುದು ಮಾತ್ರ ಅಪಾಯ. ಅದುರಾಟದ ಮಿತಿ ಮೇಲೇರುತ್ತದೆ, ಕಾರಣ ಒಳಗೇ ಬೆಳೆಯುತ್ತದೆ. ಡ್ಯಾಂಪರ್ ಸೋತ ದಿನ ಬರುವ ಏಟು ಮೊದಲಿನದಕ್ಕಿಂತ ಬಿರುಸಾಗಿರುತ್ತದೆ.

ಈ ಕೆಲಸದಲ್ಲಿ ಪಾಲಿಸಬೇಕಾದ ಶಿಸ್ತು ಒಂದಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಅದೇ ರಸ್ತೆಯಲ್ಲಿ ಓಟ. ಟೈರು, ಟೈರಾಡ್, ಡ್ಯಾಂಪರ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರೂ ಹೇಳಲಾರರು. ಕೀಲು, ಬೇರಿಂಗು, ಕೋನ ಎಲ್ಲವೂ ಸರಿಯಿದ್ದೂ ಅದುರಾಟ ಮರಳಿದರೆ ಉಳಿಯುವುದು ಹೆಚ್ಚಿನವರಿಗೆ ಇಷ್ಟವಾಗದ ಎರಡು ಆಯ್ಕೆ: ಟೈರಿನ ಅಳತೆ ಇಳಿಸುವುದು ಅಥವಾ ಎತ್ತರ ತಗ್ಗಿಸುವುದು. ಆ್ಯಕ್ಸಲ್ಲಿನ ತುದಿಗೆ ಭಾರ ಹೆಚ್ಚಿದರೆ ಅದನ್ನು ಹಿಡಿಯುವ ಭಾಗಗಳೂ ಅದಕ್ಕೆ ತಕ್ಕಂತೆ ಬಲಗೊಳ್ಳಬೇಕು. ಅದಾಗದಿದ್ದರೆ ಭಾರವನ್ನೇ ಇಳಿಸಬೇಕು.

ರಿಪೇರಿ ಮುಗಿದ ಗಾಡಿಯ ಯೂ ಬೋಲ್ಟ್, ಪ್ಯಾನ್‌ಹಾರ್ಡ್ ಬೋಲ್ಟ್‌ಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿಯಬೇಕು, ಹೊಸ ಸ್ಪ್ರಿಂಗು ಬುಷ್‌ಗಳು ಅಷ್ಟರಲ್ಲಿ ತಮ್ಮ ಜಾಗಕ್ಕೆ ಕೂತಿರುತ್ತವೆ. ಬಿಗಿದ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮುಂದಿನ ಮಳೆಗಾಲದ ಓಡಾಟದ ನಂತರ ಆ ಗೆರೆ ತುಂಡಾಗಿದೆಯೇ ಎಂದು ಬಗ್ಗಿ ನೋಡಿದರೆ ಸಾಕು. ಬೋಲ್ಟು ತಿರುಗಿದ್ದರೆ ಅಲ್ಲೇ ಗೊತ್ತಾಗುತ್ತದೆ.